ಭಾವನ ಚೀಟಿ, ಬಾಗಿಲಲ್ಲಿ ನಿಂತ ಪ್ರಾಕ್ಸಿ

ನಮ್ಮ ಭಾವನಷ್ಟು ಚೀಟಿ ಅಂಟಿಸುವ ಮನುಷ್ಯ ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಕ್ಕರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ! ಉಪ್ಪಿನಕಾಯಿ ಭರಣಿಯ ಮೇಲೆ ‘ಒದ್ದೆ ಕೈ ಬೇಡ’. ಫ್ಯಾನಿನ ಸ್ವಿಚ್ಚಿನ ಪಕ್ಕದ ಸ್ವಿಚ್ಚಿನ ಮೇಲೆ ‘ನಾನಲ್ಲ, ಅವನು’. ಒಮ್ಮೆ ಹೊನ್ನಾಳಿಯಲ್ಲಿ ಬಸ್ಸು ಹತ್ತಿ, ‘ನ್ಯಾಮತಿಯಲ್ಲಿ ಎಬ್ಬಿಸಿರಿ’ ಎಂದು ಜೇಬಿನ ಮೇಲೆ ಅಂಟಿಸಿಕೊಂಡು ಮಲಗಿದವರು ಕಣ್ಣು ಬಿಟ್ಟದ್ದು ಶಿವಮೊಗ್ಗದಲ್ಲಿ. ಜಗಳಕ್ಕೆ ಹೋದರೆ ಕಂಡಕ್ಟರ್, “ಚೀಟಿ ತಾನೇ ಬಾಯಿ ಬಿಡ್ತೈತೇನ್ರೀ? ಓದೋರು ಬೇಕಲ್ಲ” ಎಂದನಂತೆ. ಭಾವ ಅವನ ಕೈ ಕುಲುಕಿ ಬಂದರು. ಅವರ ಕಸುಬಿನ ಗುಟ್ಟೂ ಅದೇ ನೋಡಿ!

ಮನೆಯಲ್ಲೇ ಕೂತು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಅವರ ಕೆಲಸ. ಅಲ್ಲೂ ಚೀಟಿಯೇ, ಹೆಸರು ಮಾತ್ರ ಅನೊಟೇಶನ್. ಅದನ್ನು ಓದಿ ನಡೆಸಲು ಬಾಗಿಲಲ್ಲೊಬ್ಬ ಪ್ರತಿನಿಧಿ ಬೇಕು. ಅವನೇ ಪ್ರಾಕ್ಸಿ. ಹೊರಗಿನಿಂದ ಬಂದವರನ್ನು ತಡೆದು, ಚೀಟಿಯಲ್ಲಿ ಬರೆದಂತೆ ವಿಚಾರಿಸಿ ಒಳಗೆ ಬಿಡುತ್ತಾನೆ.

ಮೊನ್ನೆ ನಮ್ಮೂರ ಡಾಕ್ಟರೊಬ್ಬರ ದವಾಖಾನೆಗೆ ಭಾವ ಪ್ರೋಗ್ರಾಂ ಬರೆದರು. ಔಷಧಿ ಬರೆಯುವ ಕೆಲಸಕ್ಕೆ ‘ಅಲರ್ಜಿ ನೋಡು’ ಎಂಬ ಚೀಟಿ ಅಂಟಿಸಿದ್ದರು. ಸೋಮವಾರ ಶುರುವಾಗಬೇಕು. ಭಾನುವಾರ ಬೆಳಿಗ್ಗೆ ಅಕ್ಕನ ಹೆಸರಿನಲ್ಲೇ ಪರೀಕ್ಷೆ ಮಾಡಿದರು. ಹಿಂದೊಮ್ಮೆ ಒಂದು ಇಂಜೆಕ್ಷನ್ ಆಗಿಬರದೆ ಆಕೆಗೆ ಉಸಿರೇ ಕಟ್ಟಿತ್ತು. ಅದನ್ನು ಬರೆದೊಡನೆ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬಂತು. ಸರಿ. ಆದರೆ ನಮ್ಮ ಕಡೆಯ ಜನ ಕಾಯಿಲೆ ಹೇಳುವುದೆಲ್ಲಿ? “ಹೋದ ಸಲದ್ದೇ ಕೊಡ್ರಿ” ಎಂದು ಕೂರುತ್ತಾರೆ. ಅದಕ್ಕೆಂದೇ ಭಾವ, ಹಳೆಯ ಔಷಧಿಗಳನ್ನೇ ಮತ್ತೆ ಬರೆಯುವ ಒಂದು ಬಟನ್ ಇಟ್ಟಿದ್ದರು. ಒತ್ತಿದರು. ಅಕ್ಕನ ಹಳೆಯ ಪಟ್ಟಿಯಲ್ಲಿದ್ದ ಅದೇ ಇಂಜೆಕ್ಷನ್ ಸದ್ದಿಲ್ಲದೆ ದಾಖಲಾಯಿತು. ಕೆಂಪು ಬರಲಿಲ್ಲ.

ಪ್ರಾಕ್ಸಿಯಲ್ಲಿ ಎರಡು ಬಗೆಯಂತೆ. ಭಾವ ಮೊದಲು ಆ ಬಗೆಯನ್ನೇ ಬದಲಿಸಿದರು. ಕರಾರು ಪತ್ರ ಹಿಡಿದು ನಿಲ್ಲುವ ಹೊರಗಿನವನನ್ನು ಕಳಿಸಿ, ಮನೆಮಗನ ವೇಷದವನನ್ನು ನಿಲ್ಲಿಸಿದರು. ಆಗಲೂ ಕೆಂಪು ಬರಲಿಲ್ಲ. ಊಟಕ್ಕೂ ಏಳಲಿಲ್ಲ. ಏನಾಯಿತೆಂದು ನಾನು ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದರು:

“ಬಾಗಿಲಾಗೆ ಯಾರನ್ನ ನಿಲ್ಸಿದ್ರೆ ಏನು ಬಂತೋ? ಈ ಬಟನ್ನು ಔಷಧಿ ಬರೆಯೋ ಕೆಲ್ಸಾನ ಒಳಗಿಂದೊಳಗೇ ಕರೀತೈತೆ. ಬಾಗಿಲಿಗೆ ಬರೋದೇ ಇಲ್ಲ.”

ಸಂಜೆಯ ಹೊತ್ತಿಗೆ ಔಷಧಿ ಬರೆಯುವ ಕೆಲಸವನ್ನು ಬೇರೆ ಮನೆ ಮಾಡಿ ಇಟ್ಟರು. ಈಗ ಬಟನ್ನೂ ಬಾಗಿಲು ತಟ್ಟಲೇಬೇಕು! ಕೆಂಪು ಎಚ್ಚರಿಕೆ ಬಂತು. ಅಕ್ಕ ಅದನ್ನು ನೋಡಿ ನಕ್ಕಳು. ಭಾವ ನಗಲಿಲ್ಲ.

ಸೋಮವಾರ ಪ್ರೋಗ್ರಾಂ ಚೆನ್ನಾಗಿಯೇ ನಡೆಯಿತು. ಆದರೆ ಭಾವ ಬೆಳಿಗ್ಗೆಯೇ ಹೋಗಿ ದವಾಖಾನೆ ಬಾಗಿಲ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಬಂದವರನ್ನೆಲ್ಲ ತಡೆದು, ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ ಎಂದು ಕೇಳುವುದು! ಅದನ್ನೆಲ್ಲ ನಿಮ್ಮ ಪ್ರೋಗ್ರಾಮೇ ನೋಡುತ್ತದೆ, ಮನೆಗೆ ಹೋಗಿ ಎಂದು ಡಾಕ್ಟರು ಎರಡು ಸಲ ಹೇಳಿದರಂತೆ. ಏಳಲಿಲ್ಲ.

ಮಧ್ಯಾಹ್ನ ಅಕ್ಕ ಬುತ್ತಿ ಕಟ್ಟಿಕೊಂಡು ಹೊರಟಳು, ಜೊತೆಗೆ ನಾನೂ ಹೋದೆ. ಇವತ್ತು ಭಾವನಿಗೆ ಮಂಗಳಾರತಿ ಖಂಡಿತ ಎಂದುಕೊಂಡೆ. ಆಕೆ ಬುತ್ತಿ ಬಿಚ್ಚಿ ಪಕ್ಕದಲ್ಲಿ ಕೂತಳು. ಭಾವ ಕೈ ತೊಳೆಯಲು ಎದ್ದಾಗ, ಯಾರೋ ಅಜ್ಜಿ ಕೋಲೂರುತ್ತಾ ಒಳಗೆ ಹೊರಟಳು. ಅಕ್ಕ ಮೆಲ್ಲಗೆ ಆಕೆಯ ಕೈ ಹಿಡಿದಳು.

“ಅಜ್ಜೀ, ನಿಮಗೆ ಯಾವ್ದಾದ್ರೂ ಔಷಧಿ ಆಗಿಬರಲ್ವಾ?”