ಕಾವಲಿಗೆ ಇನ್ನೂರು ರೂಪಾಯಿ

ಕ್ಯಾರವಾನಿಗೆ ಎರಡು ಲಕ್ಷದ ಎಂಬತ್ತು ಸಾವಿರ, ಅದೂ ಹಳೆಯದು. ಗೋವೆಯಿಂದ ಅಂಕೋಲೆಗೆ ಎಳೆದು ತಂದ ಜೀಪಿಗೆ ಒಂಬತ್ತು ಸಾವಿರ. ಒಳಗೆ ಎರಡು ಹಾಸಿಗೆ, ಒಂದು ಪುಟ್ಟ ಫ್ಯಾನು, ಕಿಟಕಿಗೆ ಹೂವಿನ ಪರದೆ, ಎಲ್ಲ ಸೇರಿ ಹದಿನೆಂಟು ಸಾವಿರ. ವಿಮೆಗೆ ಆರು ಸಾವಿರದ ಚಿಲ್ಲರೆ. ಕಾವಲಿಗೆ ಇನ್ನೂರು ರೂಪಾಯಿ. ರಾಮನಾಥನನ್ನು ಹೈರಾಣು ಮಾಡಿದ್ದು ಈ ಕಡೆಯ ಇನ್ನೂರು.

ರಾಮನಾಥನಿಗೆ ಅಂಕೋಲೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರೀಚಾರ್ಜಿನ ಅಂಗಡಿ. ಜನ ಕೂತಲ್ಲೇ ತಮ್ಮ ಫೋನಿಗೆ ತಾವೇ ದುಡ್ಡು ತುಂಬಿಕೊಳ್ಳಲು ಕಲಿತ ಮೇಲೆ ಅಂಗಡಿಗೆ ಬರುವವರು ಇಬ್ಬರೇ: ಚಿಲ್ಲರೆ ಕೇಳುವವರು ಮತ್ತು ದಾರಿ ಕೇಳುವವರು. ದಾರಿ ಕೇಳುವವರೆಲ್ಲ ಕೇಣಿಯ ಸಮುದ್ರಕ್ಕೆ ಹೋಗುವ ಪ್ರವಾಸಿಗರು. ಅವರಿಗೆ ಮಲಗಲು ಜಾಗ ಕೊಟ್ಟರೆ ಹೇಗೆ ಎಂದು ಅವನ ತಲೆಗೆ ಹೊಳೆಯಿತು. ಎಂಜಿನ್ ಇಲ್ಲದ, ಎರಡು ಗಾಲಿಯ ಮೇಲೆ ಕೂತ ಒಂದು ಕೋಣೆಯನ್ನು ತಂದು ಕೇಣಿಯ ದಂಡೆಯಲ್ಲಿ ದೋಣಿಗಳ ಪಕ್ಕಕ್ಕೆ ನಿಲ್ಲಿಸಿದ. ಕಾಗದಪತ್ರದಲ್ಲಿ ಅದು ಕ್ಯಾರವಾನ್. ಕೇಣಿಯವರ ಬಾಯಲ್ಲಿ ‘ರಾಮನಾಥನ ಡಬ್ಬಿ’.

ದುಡ್ಡು ಬಂದದ್ದು ಹೆಂಡತಿ ಗಂಗೂಳ ಚಿನ್ನದ ಪಾಟ್ಲಿ ಬಳೆಗಳಿಂದ. ಅವು ಸೊಸೈಟಿಯ ತಿಜೋರಿಯಲ್ಲಿ ಅಡವು ಕೂತಿದ್ದವು. ಗಂಗೂ ಹಾಕಿದ ಷರತ್ತು ಒಂದೇ. “ಚೌತಿಗೆ ಅಮದಳ್ಳಿಗೆ ಹೋಗೂವಾಗ ನನ್ನ ಕೈಯಲ್ಲಿ ಪಾಟ್ಲಿ ಇರ್ಬೇಕು. ಇಲ್ದಿದ್ರೆ ನನ್ನ ಅತ್ತಿಗೆ ಎದ್ರಿಗೆ ಕೈ ಸೆರಗಲ್ಲಿ ಮುಚ್ಕಂಡು ಕೂತ್ಕಳೂಕೆ ನಂಗೆ ಆಗೂದಿಲ್ಲ.”

ಮೇ ತಿಂಗಳ ಕೊನೆಯ ದಿನ ಅದೇ ಅಮದಳ್ಳಿಯಲ್ಲಿ ಗಂಗೂಳ ಅಣ್ಣನ ಮನೆಯ ಗೃಹಪ್ರವೇಶ. ಅತ್ತ ಗಾಳಿ ಏಳುತ್ತಿತ್ತು. ಮರುದಿನದಿಂದ ಮೀನುಗಾರಿಕೆಗೆ ಮಳೆಗಾಲದ ರಜೆ. ಕೇಣಿಯ ಮೀನುಗಾರ ಹುಲಿಯಾನ ದೋಣಿಗಳಲ್ಲಿ ದುಡಿಯುವ ಒಡಿಶಾದ ಹುಡುಗರು ದೋಣಿಗಳನ್ನು ಮೇಲಕ್ಕೆ ಎಳೆದು, ತಾಡಪತ್ರಿ ಹೊದಿಸಿ, ಅದರ ಮೇಲೆ ತೆಂಗಿನ ಮಡಲು ಹೇರಿ, ಹಗ್ಗ ಬಿಗಿದು ಊರಿಗೆ ಹೋಗುವ ತಯಾರಿಯಲ್ಲಿದ್ದರು. ರಾಮನಾಥ ಅವರ ಮುಖಂಡ ದಿಬಾಕರನ ಕೈಗೆ ಇನ್ನೂರು ರೂಪಾಯಿ ತುರುಕಿ, “ನಮ್ಮ ಡಬ್ಬಿನೂ ಸ್ವಲ್ಪ ನೋಡ್ಕಳಿ” ಎಂದು ಹೇಳಿ ಬಸ್ಸು ಹತ್ತಿದ.

ಮರುದಿನ ಸಂಜೆ ಬಂದು ನೋಡಿದರೆ ದೋಣಿಗಳೆಲ್ಲ ಕಂಬಳಿ ಹೊದ್ದ ಎಮ್ಮೆಗಳ ಹಾಗೆ ಸಾಲಾಗಿ ಮಲಗಿದ್ದವು. ಹುಡುಗರು ಬೆಳಗಿನ ರೈಲಿಗೆ ಹೋಗಿಯಾಗಿತ್ತು. ಡಬ್ಬಿ ನಿಂತ ಜಾಗದಲ್ಲಿ ಮಳೆನೀರು ನಿಂತಿತ್ತು.

ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಕಾರವಾರದ ವಿಮಾ ಕಚೇರಿಗೆ ಅರ್ಜಿ ಹಾಕಿದ್ದಾಯಿತು. ಕಂಪನಿಯ ಉತ್ತರ ಬಂತು: ಕಾವಲಿಲ್ಲದೆ ಬಯಲಲ್ಲಿ ಬಿಟ್ಟು ಹೋದದ್ದು ಮಾಲೀಕರ ಅಜಾಗರೂಕತೆ, ಪರಿಹಾರ ಕೊಡಲು ಬರುವುದಿಲ್ಲ. ಡಬ್ಬಿ ಹೋದ ದಿನದಿಂದ ರಾಮನಾಥ ದಿನಾ ಸಂಜೆ ಕೇಣಿಗೆ ಹೋಗುವುದು, ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಉಬ್ಬಿದ್ದ ದೋಣಿಯ ಮರೆಗೆ ಕೂತು, ಅದಕ್ಕೇ ಬೆನ್ನು ಒರಗಿಸಿ, ಕಳ್ಳನ ಏಳು ತಲೆಮಾರನ್ನು ಬೈಯುವುದು. ಗಾಳಿಮಳೆಗೆ ಆ ಮರೆ ಬಹಳ ಚೆನ್ನಾಗಿತ್ತು.

ಪಕ್ಕದ ಮನೆಯ ಪರಮೇಶ್ವರ ಹೆಗಡೆಯವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಕೆಲಸವಿದ್ದಾಗ ಸಾಲ ಕೊಡುತ್ತಿದ್ದರು, ಈಗ ಸಲಹೆ ಕೊಡುತ್ತಾರೆ. ಎರಡಕ್ಕೂ ಬಡ್ಡಿ ಕಟ್ಟುವವರು ತೆಗೆದುಕೊಂಡವರೇ.

“ತಮಾ, ಇನ್ನೂರು ರೂಪಾಯಿ ಕೊಟ್ಟೆ ಅಂತ ಬರೆದ್ರೆ ಅದು ಚಾದ ದುಡ್ಡಾಯ್ತು” ಎಂದರು. “ಕಾವಲುಗಾರರನ್ನು ನೇಮಕ ಮಾಡಿದ್ದೆ ಅಂತ ಬರಿ. ಮಳೆಗಾಲ ಪೂರ್ತಿ. ದಿನಕ್ಕೆ ನೂರು ರೂಪಾಯಿ ಸಂಬಳ. ಇನ್ನೂರು ಮುಂಗಡ.”

“ನಾ ಅಷ್ಟೆಲ್ಲ ಎಲ್ಲಿ ಹೇಳಿದ್ದೆ ಹೆಗಡೇರೇ?”

“ಬರೆಯೋದಕ್ಕೆ ದುಡ್ಡು ಬೀಳ್ತದ್ಯೇ ನಿಂಗೆ?”

ರಾಮನಾಥ ಹಾಗೇ ಬರೆದು ಸಹಿ ಹಾಕಿ ಕಂಪನಿಗೆ ಮತ್ತೊಂದು ಅರ್ಜಿ ಕಳಿಸಿದ. ಕಂಪನಿಯವರು ಜುಲೈ ಮೂವತ್ತೊಂದಕ್ಕೆ ವಿಚಾರಣೆ ಇಟ್ಟು, ಆ ಕಾವಲುಗಾರರನ್ನು ಕರೆತನ್ನಿ ಎಂದರು. ದಿಬಾಕರನ ಇಲ್ಲಿನ ಸಿಮ್ ಎರಡು ತಿಂಗಳಿಂದ ಮಲಗಿತ್ತು. ರಾಮನಾಥ ಕೈಯಿಂದ ದುಡ್ಡು ಹಾಕಿ ರೀಚಾರ್ಜ್ ಮಾಡಿದರೂ ಅದು ಏಳಲಿಲ್ಲ. ಆದರೆ ಆಗಸ್ಟ್ ಒಂದಕ್ಕೆ ದೋಣಿಗಳು ಸಮುದ್ರಕ್ಕೆ ಇಳಿಯಬೇಕು, ಹಿಂದಿನ ದಿನ ಬೆಳಿಗ್ಗೆ ಹುಡುಗರು ಬಂದೇ ಬರುತ್ತಾರೆ ಎಂದು ಹುಲಿಯಾ ಧೈರ್ಯ ಹೇಳಿದ್ದ.

ಆ ಬೆಳಿಗ್ಗೆ ರಾಮನಾಥ ಅಂಕೋಲೆ ಸ್ಟೇಷನ್ನಿನಲ್ಲಿ ಮದುವೆ ದಿಬ್ಬಣ ಕಾಯುವವನಂತೆ ಬಾಳೆಹಣ್ಣು, ಬಿಸ್ಕಿಟ್ ಹಿಡಿದು ನಿಂತಿದ್ದ. ರೈಲು ನಾಲ್ಕು ತಾಸು ತಡ ಎಂದು ಗೊತ್ತಾಯಿತು. ಬಾಳೆಹಣ್ಣನ್ನು ಹೆಗಡೆಯವರು ತಿಂದರು. ಬರಿಗೈಯಲ್ಲಿ ಹೋಗುವುದು ಬೇಡವೆಂದು ಅವರು ಕೇಣಿಯ ಮೀನು ಮಾರುವ ಮಾದಿಯನ್ನು ಸಾಕ್ಷಿಗೆ ಹೊರಡಿಸಿದರು. ಕಾರವಾರದ ಬಸ್ಸು ಹಟ್ಟಿಕೇರಿ ಟೋಲ್ ದಾಟುವವರೆಗೆ ಅವಳಿಗೆ ಪಾಠ ನಡೆಯಿತು.

“ಏನ್ ಹೇಳ್ತೆ?” ಎಂದರು ಹೆಗಡೆಯವರು.

“ನಾಲ್ಕು ಜನ ದೊಣ್ಣೆ ಹಿಡ್ಕಂಡು ಕಾವಲು ಇದ್ರು ಅಂತೆ ಹೇಳೂದು. ಅಷ್ಟೇ ಅಲ್ಲಾ? ನನ್ನ ಕೋಳಿ ಕಳುವಾದದ್ದೂ ಹೇಳ್ಲಾ?”

“ಕೋಳಿ ವಿಷಯ ತೆಗೀಬೇಡ ಮಾರಾಯ್ತಿ!”

ವಿಮಾ ಕಚೇರಿಯ ಅಧಿಕಾರಿ ವಸುಮತಿ ಮೇಡಂ. ಮಾತು ಕಡಿಮೆ, ಕನ್ನಡಕ ದೊಡ್ಡದು. ಮಾದಿಯನ್ನು ಕೂರಿಸಿ, “ಅಲ್ಲಿ ಕಾವಲು ಇತ್ತೇನಮ್ಮ?” ಎಂದು ಕೇಳಿದರು.

“ಎಲ್ಲಿ ಕಾವಲು ಅಕ್ಕೋರೇ! ಒಂದು ನಾಯಿ ಸೈತ ಇರ್ಲಿಲ್ಲ. ಇದ್ದಿದ್ರೆ ನನ್ನ ಕೋಳಿ ಯಾಕೆ ಹೋಗ್ತಿತ್ತು?”

ಹೆಗಡೆಯವರು ಕೆಮ್ಮಿದರು. ಮಾದಿಗೆ ಪಾಠ ನೆನಪಾಯಿತು. “ಇದ್ರು ಇದ್ರು. ನಾಲ್ಕು ಜನ, ದೊಣ್ಣೆ ಹಿಡ್ಕಂಡು. ಹಗಲೂ ರಾತ್ರಿ ರೆಪ್ಪೆ ಹೊಡೀದೇ ನಿಂತಿರ್ತಿದ್ರು. ನಂಗೆ ಸುಳ್ಳು ಹೇಳೂಕೆ ಬರೂದಿಲ್ಲ.”

“ಕಾಣ್ತದೆ” ಎಂದರು ವಸುಮತಿ. ಆಮೇಲೆ ರಾಮನಾಥನತ್ತ ತಿರುಗಿ, “ಮಳೆಗಾಲ ಪೂರ್ತಿ ಕಾವಲಿಗೆ ಇಟ್ಟವರು ಮರುದಿನವೇ ಊರಿಗೆ ಹೋದರಲ್ಲ?”

“ಗಾಡಿಯೇ ಹೋದಮೇಲೆ ಯಾವುದಕ್ಕೆ ಕಾವಲು ಮೇಡಂ?” ಎಂದು ಹೆಗಡೆಯವರು ನಡುವೆ ಬಾಯಿ ಹಾಕಿದರು.

“ಅವರೇ ಒಯ್ದಿರಬಹುದು.”

“ರೈಲಲ್ಲಿ ಸೀಟಿನ ಕೆಳಗೆ ಇಟ್ಕಂಡು ಹೋಗೂಕೆ ಅದೇನು ಸೂಟ್‌ಕೇಸಾ ಮೇಡಂ?” ರಾಮನಾಥ ಎದ್ದು ನಿಂತ. “ನನ್ನ ಹೆಂಡ್ತಿ ಪಾಟ್ಲಿ ಅದು. ಗಾಡಿ ಅಲ್ಲ, ಪಾಟ್ಲಿ ಕಳುವಾದದ್ದು.”

ಪಾಟ್ಲಿ ಎಂದಾಗ ವಸುಮತಿಯವರ ಕಣ್ಣು ತಮ್ಮ ಮುಂಗೈಗೆ ಹೋಗಿಬಂತು. ಅಷ್ಟರಲ್ಲಿ ಹುಲಿಯಾನ ಫೋನು. ಹುಡುಗರು ಬಂದಿಳಿದು ನೇರ ದಂಡೆಗೇ ಹೋಗಿದ್ದಾರೆ, ದೋಣಿ ಬಿಚ್ಚುತ್ತಿದ್ದಾರೆ.

“ಅಡ್ಡಿಲ್ಲ” ಎಂದರು ವಸುಮತಿ. “ನಾನೇ ಬಂದು ಕೇಳ್ತೇನೆ. ಅವರು ಹೌದು ಅಂದ್ರೆ ಅಲ್ಲೇ ಸಹಿ ಹಾಕ್ತೇನೆ.”

ಆಫೀಸಿನ ಕಾರಿನಲ್ಲಿ ಎಲ್ಲರೂ ಒತ್ತಿಕೊಂಡು ಕೇಣಿಗೆ ಬಂದರು. ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ವಿಮೆಯ ದುಡ್ಡು ಬರುತ್ತದಂತೆ ಎಂದು ಅರ್ಧ ಕೇಣಿ ಅಲ್ಲಿ ನೆರೆದಿತ್ತು. ಗಂಗೂ ಕೂಡ ಬಂದು ನಿಂತಿದ್ದಳು, ಬರಿಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ಒಂದು ಜಡಿಮಳೆ ಬಂದಾಗ ವಸುಮತಿಯವರು ಆ ದೊಡ್ಡ ದೋಣಿಯ ಮರೆಗೆ ಸರಿದು, ಅದಕ್ಕೆ ಒರಗಿ ನಿಂತು, ಮಡಲಿನ ಹೊದಿಕೆಯನ್ನು ತಟ್ಟಿ ನೋಡಿದರು.

“ಎಷ್ಟು ಚಂದ ಮುಚ್ಚಿದ್ದಾರೆ ನೋಡಿ. ಈ ಕಾಳಜಿ ನಿಮ್ಮ ಗಾಡಿಗೂ ಇದ್ದಿದ್ರೆ ನಾವ್ಯಾಕೆ ಇಲ್ಲಿ ಬರ್ತಿದ್ವು?”

ರಾಮನಾಥ ತಾನೂ ಅದೇ ಮರೆಗೆ ಸರಿದ.

ದಿಬಾಕರ ಹಗ್ಗ ಬಿಚ್ಚುವುದನ್ನು ಬಿಟ್ಟು ಓಡಿ ಬಂದ. ಆರು ವರ್ಷ ಈ ದಂಡೆಯಲ್ಲಿ ದುಡಿದು ಕಲಿತ ಕನ್ನಡ ಅವನದು.

“ಇವರು ಗಾಡಿ ಕಾಯೋದಕ್ಕೆ ನಿಮಗೆ ಹೇಳಿದ್ದು ಹೌದೋ?” ವಸುಮತಿ ಕೇಳಿದರು.

“ಹೌದು ಮೇಡಂ. ಸೇಟು ಹೇಳಿದ್ದು. ದುಡ್ಡು ಕೂಡ ಕೊಟ್ಟಿದ್ದು.”

ಜನ ಹೋ ಎಂದಿತು. ಹೆಗಡೆಯವರು ಅಂಗಿಯ ಕಾಲರು ಸರಿಮಾಡಿಕೊಂಡರು. ರಾಮನಾಥನ ಕಿವಿಯಲ್ಲಿ ಪಾಟ್ಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ವಸುಮತಿಯವರು ಪೆನ್ನಿನ ಮುಚ್ಚಳ ತೆಗೆದರು.

“ಕಡೇದೊಂದು ಪ್ರಶ್ನೆ. ನೀವಿದ್ದೂ ಗಾಡಿ ಹೇಗೆ ಹೋಯ್ತು?”

ದಿಬಾಕರ ಒಬ್ಬೊಬ್ಬರ ಮುಖವನ್ನೂ ನೋಡಿದ. “ಎಲ್ಲಿಗೆ ಹೋಗ್ತದೆ ಮೇಡಂ? ಆ ರಾತ್ರಿ ಗಾಳಿ ಬಂತು, ಸಮುದ್ರ ಮೇಲೆ ಬಂತು. ಸೇಟು ನೋಡ್ಕೋ ಹೇಳಿದ್ದು ಅಲ್ಲಾ? ನಾವು ಎಂಟು ಜನ ಎಳೆದು ಮೇಲೆ ತಂದಿದ್ದು. ಮೂರು ತಾಡಪತ್ರಿ, ಮೇಲೆ ಮಡಲು, ನಾಲ್ಕು ಕಡೆ ಹಗ್ಗ. ನೀವು ಒರಗಿದ್ದು ಅದೇ.”

ವಸುಮತಿಯವರು ಬಿಸಿ ಕಾವಲಿ ಮುಟ್ಟಿದವರಂತೆ ಪಕ್ಕಕ್ಕೆ ಹಾರಿದರು.

ಹಗ್ಗ ಕಡಿದು ಮಡಲು ಎಳೆದರು. ಮೊದಲು ಹೊರಬಂದದ್ದು ಮಾದಿಯ ಕೋಳಿ, ಅದರ ಹಿಂದೆ ಏಳು ಮರಿ. ಆಮೇಲೆ ತಾಡಪತ್ರಿಯ ಅಡಿಯಿಂದ ಹೂವಿನ ಪರದೆ ಇಣುಕಿತು.

“ಹುಲಿಯಾ! ನಿನ್ನ ಕಣ್ಣಿಗೆ ಎಂತಾ ಆಗಿತ್ತೋ?” ರಾಮನಾಥ ಕೂಗಿದ.

“ನಾ ಅದು ತಿಮ್ಮುನ ದೋಣಿ ಅಂದ್ಕಂಡಿದ್ದೆ ರಾಮನಾಥಣ್ಣ” ಎಂದ ಹುಲಿಯಾ.

“ನಾ ಹುಲಿಯಾಂದು ಅಂದ್ಕಂಡಿದ್ದೆ” ಎಂದ ಪಕ್ಕದ ದೋಣಿಯ ತಿಮ್ಮು. “ಎರಡು ತಿಂಗಳು ಅದ್ಕೇ ಬೆನ್ನು ಕೊಟ್ಟು ಕೂತವರು ನೀವು. ನಮ್ಮನ್ನ ಕೇಳ್ತ್ರಿ!”

ಬಾಗಿಲು ತೆರೆದಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ಗಾಳಿಯಾಡದೆ ಪ್ಲೈವುಡ್ ನೆಲ ಅಪ್ಪದ ಹಾಗೆ ಉಬ್ಬಿತ್ತು. ಹಾಸಿಗೆಯ ಮೇಲೆ ಪುಟ್ಟ ಕೊಡೆ ಬಿಡಿಸಿದಂತೆ ಅಣಬೆ ಎದ್ದಿದ್ದವು. ಫ್ಯಾನಿನ ರೆಕ್ಕೆಯಲ್ಲಿ ಪಾಚಿ.

ರಾಮನಾಥನಿಗೆ ಇನ್ನೂ ಒಂದೆಳೆ ಆಸೆ. “ಮೇಡಂ, ಒಳಗೆಲ್ಲ ಕೊಳೆತೇ ಹೋಗಿದೆ. ಇದಕ್ಕಾದ್ರೂ ಏನಾದ್ರೂ…”

“ನಿಮ್ಮ ವಿಮೆ ಕಳವಿಗೆ” ಎಂದರು ವಸುಮತಿ. “ಜೋಪಾನಕ್ಕೆ ಅಲ್ಲ. ಆದರೆ ನೀವು ಅಜಾಗರೂಕರು ಅಂತ ನಾವು ಬರೆದದ್ದು ತಪ್ಪೇ. ಅದನ್ನ ತಿದ್ದಿ ಕೊಡ್ತೇನೆ. ಇಷ್ಟು ಜಾಗರೂಕರನ್ನ ನಾನು ಕಂಡಿಲ್ಲ.”

ಪೆನ್ನಿನ ಮುಚ್ಚಳ ಹಾಕಲು ಹೋದವರು ನಿಂತರು. “ಇನ್ನೊಂದು ಮಾತು. ಮಳೆಗಾಲ ಪೂರ್ತಿ ದಿನಕ್ಕೆ ನೂರರಂತೆ ಇವರಿಗೆ ಸಂಬಳ ಅಂತ ಬರೆದಿದ್ದೀರಿ. ಸುಳ್ಳು ಅಂದ್ರೆ ಹೇಳಿ, ಸುಳ್ಳು ಬರೆದು ದುಡ್ಡು ಕೇಳಿದ್ರು ಅಂತ ನಾನು ಮೇಲಿನವರಿಗೆ ತಿಳಿಸಬೇಕಾಗ್ತದೆ. ನಿಜ ಅಂದ್ರೆ ಇವರ ಬಾಕಿ ಕೊಟ್ಟುಬಿಡಿ.”

ರಾಮನಾಥ ಹೆಗಡೆಯವರನ್ನು ಹುಡುಕಿದ. ಅವರು ಏಳು ಕೋಳಿಮರಿಗಳನ್ನು ಬಹಳ ಶ್ರದ್ಧೆಯಿಂದ ಎಣಿಸುತ್ತಿದ್ದರು.

“ನಿಜ” ಎಂದ ರಾಮನಾಥ. ನೀರಿನೊಳಗಿಂದ ಬಂದಂತಿತ್ತು ಆ ದನಿ.

ದಿಬಾಕರನ ಮುಖ ಅರಳಿತು. ಇಂಥ ಒಳ್ಳೆಯ ಸೇಟು ಒಡಿಶಾದಲ್ಲೂ ಸಿಗುವುದಿಲ್ಲ ಎಂದ. ಜೂನ್ ಮೂವತ್ತು, ಜುಲೈ ಮೂವತ್ತೊಂದು ಎಂದು ಹುಲಿಯಾ ಬೆರಳು ಮಡಿಸಿ ಲೆಕ್ಕ ಹಾಕಿದ. ಮುಂಗಡದ ಇನ್ನೂರನ್ನು ದಿಬಾಕರ ತಾನಾಗಿಯೇ ಮುರಿದುಕೊಂಡ.

ವಾಪಸು ಹೋಗುವಾಗ ಗಂಗೂ ಮುಂದೆ ಮುಂದೆ ನಡೆದಳು. ಮನೆಯ ಹತ್ತಿರ ಬಂದ ಮೇಲೆ, “ಕಳ್ಳರೇ ಒಯ್ದಿದ್ರೆ ಅಡ್ಡಿಲ್ಲಾಗಿತ್ತು” ಎಂದಳು, ಅಷ್ಟೇ.

ರಾಮನಾಥನಿಗೆ ಡಬ್ಬಿ ಸಿಕ್ಕಿತು, ಅದರೊಳಗಿನದು ಹೋಯಿತು. ಕಾವಲಿಗೆ ಒಟ್ಟು ಆರು ಸಾವಿರದ ನೂರು ರೂಪಾಯಿ ಬಿತ್ತು. ಅಜಾಗರೂಕನಲ್ಲ ಎಂಬ ಕಂಪನಿಯ ಕಾಗದ ವಾರದಲ್ಲಿ ಬಂತು. ಮಾದಿಗೆ ಏಳು ಮರಿ ಲಾಭ. ಚೌತಿಗೆ ಗಂಗೂ ಗಾಜಿನ ಬಳೆ ಹಾಕಿಕೊಂಡು ಅಮದಳ್ಳಿಗೆ ಹೋದಳು.