ಅರ್ಧ ಪಾಯಿಂಟಿನ ಅತ್ತಿಗೆ

ನಮ್ಮ ಅತ್ತಿಗೆ ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವರಲ್ಲ. ಮೈಗೆಲ್ಲ ದಿಂಬು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆ ಅಮೆರಿಕನ್ ಆಟ ಟಿವಿಯಲ್ಲಿ ಬಂದರೆ ಎದ್ದು ಅಡುಗೆಮನೆಗೆ ಹೋಗುವರು. ಆದರೂ ಎಂಬತ್ತರ ದಶಕದ ಎರಡು ಚಳಿಗಾಲ, ಅಮೆರಿಕದ ಸಾಂಟಾ ಕ್ಲಾರಾದ ನಾಲ್ಕಾರು ಇಂಜಿನಿಯರುಗಳು ಅವರನ್ನು ಕೇಳದೆ ಬಾಜಿ ಕಟ್ಟುತ್ತಿರಲಿಲ್ಲ ಎಂದರೆ ನಂಬುತ್ತೀರಾ?

ಶುರುವಾದದ್ದು ಅಣ್ಣನಿಂದ. ಆಫೀಸಿನಲ್ಲಿ ಬಾಜಿ ನಡೆಯುತ್ತಿತ್ತು. ಪ್ರತಿ ಪಂದ್ಯಕ್ಕೂ ಒಂದು ಅಂತರ ಮೊದಲೇ ಗೊತ್ತುಮಾಡುವರು, ಅದಕ್ಕೆ ಲೈನು ಎಂದು ಹೆಸರು. ಲೈನು ಮೂರಾದರೆ ಬಲವಾದ ತಂಡ ಬರೀ ಗೆದ್ದರೆ ಸಾಲದು, ಮೂರು ಪಾಯಿಂಟಿಗಿಂತ ಹೆಚ್ಚು ಅಂತರದಲ್ಲಿ ಗೆಲ್ಲಬೇಕು. ಸರಿಯಾಗಿ ಮೂರಾದರೆ ಕಟ್ಟಿದ ಹಣ ವಾಪಸ್, ಲಾಭವಿಲ್ಲ. ಸ್ವಲ್ಪ ಹೆಚ್ಚು ತೆತ್ತರೆ ಆ ಮೂರನ್ನು ಎರಡೂವರೆಗೆ ಇಳಿಸಿಕೊಡುತ್ತಾರೆ. ಆ ಅರ್ಧ ಪಾಯಿಂಟು ಕೊಳ್ಳುವುದೋ ಬೇಡವೋ ಎಂದು ಅಣ್ಣ ಒಂದು ವಾರ ಊಟದಲ್ಲೂ ಗೊಣಗುತ್ತಿದ್ದ.

"ಆಟದಾಗ ಅರ್ಧ ಪಾಯಿಂಟು ಯಾರಿಗರೆ ಸಿಗತದೇನು?" ಅತ್ತಿಗೆ ಸಾರು ಬಡಿಸುತ್ತಾ ಕೇಳಿದರು.

"ಇಲ್ಲ."

"ಮತ್ತ ಇಲ್ಲದ್ದನ್ನ ರೊಕ್ಕಾ ಕೊಟ್ಟು ಯಾಕ ತಗೋತೀರಿ?"

ಅಣ್ಣ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಆದರೆ ಪ್ರಶ್ನೆ ಅತ್ತಿಗೆಯನ್ನೇ ಹಿಡಿದುಕೊಂಡಿತು. ಮದುವೆಗೆ ಮುಂಚೆ ಧಾರವಾಡದ ಕಾಲೇಜೊಂದರಲ್ಲಿ ಗಣಿತ ಕಲಿಸಿದವರು. ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆಗಳ ರಾಶಿ ತೆಗೆಸಿ, ಯಾವ ಪಂದ್ಯ ಎಷ್ಟು ಅಂತರದಲ್ಲಿ ಮುಗಿಯಿತೆಂದು ಮೂರು ವಾರ ಗೀಟು ಹಾಕಿದರು. ಆಟಗಾರರ ಹೆಸರು ಕೇಳಬೇಡಿ, ತಂಡಗಳ ಊರೂ ಗೊತ್ತಿರಲಿಲ್ಲ. ಕೊನೆಗೆ ತೀರ್ಪು ಬಂತು: ಅಂತರ ಮೂರಕ್ಕೆ ನಿಲ್ಲುವುದೇ ಎಲ್ಲಕ್ಕಿಂತ ಹೆಚ್ಚು. ಲೈನು ಮೂರರ ಹತ್ತಿರವಿದ್ದರೆ ಅರ್ಧ ಕೊಳ್ಳಬಹುದು. ನಾಲ್ಕು, ಐದರ ಹತ್ತಿರವಾದರೆ ಆ ದುಡ್ಡಿಗೆ ಕೊತ್ತಂಬರಿ ಸೊಪ್ಪು ತರುವುದು ಮೇಲು.

ಸುದ್ದಿ ಹಬ್ಬಿತು. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಬ್ಬೊಬ್ಬರೂ ಅಂಕಿ ಹೇಳುವರು, ಅತ್ತಿಗೆ "ತಗೋರಿ" ಅಥವಾ "ಬ್ಯಾಡ" ಅನ್ನುವರು. ಯಾಕೆ ಎಂದು ಕೇಳಿದವರಿಗೆ ಅರ್ಧ ಗಂಟೆ ಪಾಠ. ನಮ್ಮ ದೇವರ ಕೋಣೆಗೂ ಅಷ್ಟು ಭಕ್ತರು ಬಂದಿರಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಪಕ್ಕದ ಊರಾದ ಕ್ಯಾಂಪ್‌ಬೆಲ್‌ನಿಂದ ಅಣ್ಣನ ಸಹೋದ್ಯೋಗಿಯೊಬ್ಬ ಬಂದ. ಮೈಸೂರಿನವನು, ಹೆಂಡತಿ ತುಂಬು ಬಸುರಿ. ಲೈನು ಮೂರಕ್ಕಿದೆ, ಅರ್ಧ ಕೊಳ್ಳಲೇ ಎಂದ. ಅತ್ತಿಗೆಯದೇ ನಿಯಮದಂತೆ ಉತ್ತರ "ತಗೋರಿ". ಅವರು ಹೇಳಲಿಲ್ಲ. ಯಾವ ಹಣ ಎಂದು ಕೇಳಿದರು. ಹೆರಿಗೆಗೆ ಇಟ್ಟದ್ದು, ಪೂರ್ತಿ ಕಟ್ಟುತ್ತೇನೆ ಎಂದ.

"ನನ್ನ ಲೆಕ್ಕಕ್ಕ ನೂರಾರು ಪಂದ್ಯ ಗೊತ್ತವ," ಅಂದರು ಅತ್ತಿಗೆ. "ಇವತ್ತಿಂದು ಏನೂ ಗೊತ್ತಿಲ್ಲ."

ಅವನು ಕೇಳುವಂತಿರಲಿಲ್ಲ. ಬಾಜಿಯವನಿಗೆ ನಮ್ಮ ಫೋನಿನಿಂದಲೇ ಹೇಳುತ್ತೇನೆಂದು ಎದ್ದ. ಅತ್ತಿಗೆ ಅವನ ಕೈಗೆ ಅವಲಕ್ಕಿಯ ತಟ್ಟೆ ಕೊಟ್ಟು ತಾವೇ ಫೋನು ಹಿಡಿದರು. ಎವರ್‌ಗ್ರೀನ್ ಬಡಾವಣೆಯ ಗೆಳತಿಯೊಡನೆ ಉಪ್ಪಿನಕಾಯಿಯ ವಿಷಯ ಶುರುವಾಯಿತು. ಸಾಸಿವೆ ಎಷ್ಟು, ಮೆಂತ್ಯ ಎಷ್ಟು, ಎಣ್ಣೆ ಯಾವುದು ಎಂದು ನಲವತ್ತು ನಿಮಿಷ. ಪಾಪ, ಮೈಸೂರಿನ ಮರ್ಯಾದೆಯವನು. ತಟ್ಟೆ ಬಿಟ್ಟು ಏಳಲಾರ, ಹೆಂಗಸಿನ ಕೈಯಿಂದ ಫೋನು ಕಸಿಯಲಾರ. ಫೋನು ಇಟ್ಟಾಗ ಆಟ ಶುರುವಾಗಿ, ಬಾಜಿ ಕಟ್ಟುವ ಹೊತ್ತು ಮೀರಿತ್ತು.

ಅವನು ಹೇಳಿದ ತಂಡ ಗೆದ್ದಿತು. ಎಷ್ಟರಿಂದ? ಸರಿಯಾಗಿ ಮೂರು ಪಾಯಿಂಟಿನಿಂದ. ಅರ್ಧ ಕೊಂಡು ಕಟ್ಟಿದ್ದರೆ ಬಾಜಿ ಅವನದಾಗುತ್ತಿತ್ತು.

ಅವನು ಟಿವಿಯ ಮುಂದಿನಿಂದ ಎದ್ದು, ಚಪ್ಪಲಿ ಮೆಟ್ಟಿ ಹೋದ. ಈ ಸುದ್ದಿಯೂ ಹಬ್ಬಿತು. ಮುಂದಿನ ಭಾನುವಾರ ಯಾರೂ ಬರಲಿಲ್ಲ, ಅದರ ಮುಂದಿನ ಭಾನುವಾರವೂ. ಅಣ್ಣ ಚುಡಾಯಿಸಿದ. ಅತ್ತಿಗೆ ನಕ್ಕರು. ಆದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡು ಸಲ ಎದ್ದು ಕಿಟಕಿಯಿಂದ ಪಾರ್ಕಿಂಗ್ ಲಾಟು ನೋಡಿದ್ದನ್ನು ನಾನು ಕಂಡೆ.

ಜನ ಬರುವುದು ನಿಲ್ಲುತ್ತದೆಂದು ಗೊತ್ತಿತ್ತಾ ಎಂದು ಕೇಳಿದೆ.

"ಗೊತ್ತಿತ್ತವಾ," ಅಂದರು. ಸೋಫಾದಲ್ಲಿ ಕೂತು, "ಈ ದೇಶಕ್ಕ ಬಂದ ಮ್ಯಾಲ ಅವರಷ್ಟ ನೋಡು, ನನಗ ಲೆಕ್ಕ ಕೇಳಿದವರು."

ಆ ವರ್ಷ ನಾನು ಸಂಜೆಯ ಕಾಲೇಜಿಗೆ ಹೋಗುತ್ತಿದ್ದೆ. ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೆ, ಅದರಲ್ಲೂ ಅತ್ತಿಗೆಯಿಂದ. ಒಳಗೆ ಹೋಗಿ ಪುಸ್ತಕ ತಂದು, ಕೆಂಪು ಗುರುತಿನ ಆ ಎರಡು ಕಾಗದಗಳ ಸಮೇತ ಅವರ ತೊಡೆಯ ಮೇಲಿಟ್ಟೆ.

ಅತ್ತಿಗೆ ಬಯ್ಯಲಿಲ್ಲ. ಕನ್ನಡಕ ಹಾಕಿಕೊಂಡು ಮೊದಲ ಲೆಕ್ಕ ಓದಿದರು, ಇನ್ನೊಮ್ಮೆ ಓದಿದರು, ಮತ್ತೆ ಸೋಫಾದಲ್ಲಿ ಸ್ವಲ್ಪ ಸರಿದರು.

"ಇಲ್ಲೆ ಬಾ. ಬೆಳಕಿನ ಕಡೆ ಕೂಡು."