ನಾಲ್ವರು ಅಳಿಯಂದಿರು, ಒಂದು ತುಪ್ಪದ ಡಬ್ಬಿ

ನನ್ನ ಮೊಮ್ಮಗಳಿಗೆ ಒಂದೂವರೆ ವರ್ಷ ದಿನವೂ ತಪ್ಪದೆ ವಿಟಮಿನ್ ಮಾತ್ರೆ ನುಂಗಿಸಿದೆವು. ಒಂದೂ ಅವಳ ಮೈಗೆ ಹತ್ತಲಿಲ್ಲ. ಅನ್ಯಾಯ ಇಷ್ಟೇ. ಹೀಗಾಗುತ್ತದೆಂದು ಮೊದಲೇ ಹೇಳಿದವಳನ್ನು ನಂಜನಗೂಡಿನ ನಮ್ಮ ಮನೆಯವರೆಲ್ಲ ಸೇರಿ ಹುಚ್ಚಿ ಎಂದೆವು. ಆಕೆ ಟಿ. ನರಸೀಪುರದಲ್ಲಿರುವ ನನ್ನ ಅಕ್ಕ. ಹುಚ್ಚು ಹೌದೋ ಅಲ್ಲವೋ ನೀವೇ ಹೇಳಿ: ಕಂಕುಳಲ್ಲಿ ತುಪ್ಪದ ಡಬ್ಬಿಯಿಲ್ಲದೆ ಆಕೆ ಬಸ್ಸು ಹತ್ತಿದ್ದನ್ನು ಯಾವ ಕಂಡಕ್ಟರೂ ಕಂಡಿಲ್ಲ!

ಮಗುವಿಗಿರುವುದು ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದ ಬಂದದ್ದು. ಎದೆಯಲ್ಲಿ ಅಂಟು ಕಫ ಕಟ್ಟುತ್ತದೆ, ತಿಂದ ಜಿಡ್ಡು ತಾನಾಗಿ ಅರಗುವುದಿಲ್ಲ. ಎ, ಡಿ, ಇ, ಕೆ ಎಂಬ ನಾಲ್ಕು ವಿಟಮಿನ್‌ಗಳೋ ಜಿಡ್ಡಿನ ಜೊತೆಯಲ್ಲೇ ಮೈ ಸೇರುವಂಥವು. ಜಿಡ್ಡು ಅರಗಿಸುವ ಕ್ಯಾಪ್ಸೂಲನ್ನು ಮೊದಲ ತುತ್ತಿಗೇ ಕೊಟ್ಟು, ಜಿಡ್ಡಿರುವ ಊಟದ ಜೊತೆಗೆ ಮಾತ್ರೆ ಕೊಡಬೇಕು. ರೋಗ ಗೊತ್ತಾದ ದಿನ ಆಸ್ಪತ್ರೆಯಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳಿದ್ದರಂತೆ. ನನ್ನ ಸೊಸೆ ಅಳುತ್ತಿದ್ದಳು, ಕೇಳಿಸಿಕೊಂಡವಳು ಜೊತೆಗೆ ಹೋಗಿದ್ದ ಅಕ್ಕ. ಚೀಟಿಯಲ್ಲಿ ಎರಡರ ಮುಂದೆಯೂ ಬರೆದದ್ದು ಮಾತ್ರ ‘ಊಟದ ನಂತರ’. ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು, ಬರೆದದ್ದನ್ನು ನಂಬಿದೆ. ಅಕ್ಕನಿಗೆ ಅಕ್ಷರ ಬಾರದು, ಕಿವಿಯನ್ನು ನಂಬಿದಳು.

ಕೆಮ್ಮುವ ಮಗುವಿಗೆ ತುಪ್ಪ ಕೂಡದೆಂಬುದು ನಮ್ಮ ಅಡುಗೆಮನೆಯ ಶಾಸನ. ಆದ್ದರಿಂದ ಬರಿಯ ಸಾರನ್ನ. ಅದನ್ನು ಕಂಡು ಅಕ್ಕ ಗುಡುಗಿದಳು:

“ಲೋ ಮೇಷ್ಟ್ರೇ, ಎ, ಡಿ, ಇ, ಕೆ ಅಂತ ನಾಕು ಜನ ಅಳಿಯಂದ್ರು ಬಂದವ್ರೆ. ತುಪ್ಪ ಬಡಿಸ್ದೆ ಎಲೆ ಮುಂದೆ ಕೂರ್ಸಿದ್ರೆ ಉಣ್ತಾರಾ? ಮುನಿಸ್ಕಂಡು ಇತ್ಲು ಬಾಗ್ಲಲ್ಲಿ ಒಂಟೋಯ್ತಾರೆ ಕಣ್ಲಾ!”

ಹತ್ತಿರದ ಹದಿನಾರು ಎಂಬ ಊರಿನಲ್ಲಿ ನೆಂಟರ ಮನೆಯ ನಾಮಕರಣ. ಪಂಕ್ತಿಯಲ್ಲಿ ಅಕ್ಕ ಡಬ್ಬಿ ತೆರೆದು ಮಗುವಿನ ಎಲೆಗೆ ಸುರಿಯಹೊರಟಳು.

“ಕೆಮ್ಮೋ ಕೂಸ್ಗೆ ತುಪ್ಪಾನಾ? ನಿಮ್ಗೇನು ಬುದ್ಧಿ ಕೆಟ್ಟದಾ ದೊಡ್ಡವ್ವಾ?” ಎಂದು ಪಕ್ಕದ ನೆಂಟಳೊಬ್ಬಳು ಎಲೆಯನ್ನೇ ಆಚೆಗೆಳೆದಳು. ಆಕೆಯ ಸೀರೆಯಂಚು ಗಿಳಿಹಸಿರು. ನಾನು ಇಂಥವನ್ನು ಮರೆಯುವವನಲ್ಲ.

“ನಿಂಗೂ ಒಸಿ ಬಿಡ್ತೀನಿ ಬಾರವ್ವ, ನಾಲ್ಗೆ ಮೆತ್ತಗಾಗ್ಲಿ” ಎಂದಳು ಅಕ್ಕ.

ಪಂಕ್ತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. “ನಿನ್ನ ತುಪ್ಪ ನಿನ್ನೂರಲ್ಲೇ ಇರ್ಲಿ. ಇನ್ಮೇಲೆ ತರ್ಬೇಡ” ಎಂದೆ. ಅಕ್ಕ ಮುಚ್ಚಳ ಬಿಗಿದಳು. ಯಾರ ಮಾತನ್ನೂ ಮರೆಯದ ನಾನು ನನ್ನ ಈ ಮಾತನ್ನು ಮಾತ್ರ ಎಷ್ಟು ಸಲೀಸಾಗಿ ಮರೆತೆ!

ಒಂದು ಮುಸ್ಸಂಜೆ ಮಗು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಚಪ್ಪಲಿಗಾಗಿ ನೆಲ ತಡವುತ್ತಿತ್ತು. ಚಪ್ಪಲಿ ಕಣ್ಣೆದುರಿಗೇ ಇತ್ತು. ಮರುದಿನವೇ ಅಕ್ಕನೂ ಸೇರಿ ಎಲ್ಲರೂ ಮೈಸೂರಿಗೆ ಹೊರಟೆವು. ರಕ್ತಪರೀಕ್ಷೆಯಲ್ಲಿ ‘ಎ’ ವಿಟಮಿನ್ ತಳ ಕಂಡಿತ್ತು, ಇರುಳುಗಣ್ಣು ಶುರುವಾಗಿತ್ತು.

“ಮಾತ್ರೆ ಯಾವುದರ ಜೊತೆ ಕೊಡ್ತಿದ್ರಿ?” ಎಂದರು ಹೊಸ ಡಾಕ್ಟರಮ್ಮ.

“ಊಟ ಆದ್ಮೇಲೆ, ನೀರಿನ ಜೊತೆ. ಒಂದು ದಿನಾನೂ ತಪ್ಪಿಸಿಲ್ಲ ಮೇಡಂ.”

“ತುಪ್ಪ, ಬೆಣ್ಣೆ?”

“ಒಂದು ತೊಟ್ಟೂ ಇಲ್ಲ” ಎಂದೆ. ಹಿಂದೆ ಕುಳಿತಿದ್ದ ಅಕ್ಕ ಈಗ ಗುಡುಗಬಹುದಿತ್ತು. ಗುಡುಗುವ ಹಕ್ಕೂ ಇತ್ತು. ಆಕೆ ಸೆರಗಿನಡಿಯಿಂದ, ನಾನು ತರಬೇಡವೆಂದಿದ್ದ ಡಬ್ಬಿಯನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು.

“ತಕೋ. ಇನ್ಮೇಲೆ ನೀನೇ ಬಡ್ಸು” ಎಂದಳು.

ಈಗ ಕ್ಯಾಪ್ಸೂಲು, ಮಾತ್ರೆಗಳ ಅಳತೆ ಡಾಕ್ಟರಮ್ಮನದು, ತುಪ್ಪ ಅಕ್ಕನದು, ಬಡಿಸುವ ಕೈ ನನ್ನದು. ಹೀಗೆ ಕೆಲವು ತಿಂಗಳಾದವು. ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ಊರಿಗೆ ಹೊರಟಾಗ ಮಗು ಮಬ್ಬಿನಲ್ಲೇ ಓಡಿ ಆಕೆಯ ಚಪ್ಪಲಿ ತಂದು ಪಾದದ ಬಳಿಯಿಟ್ಟಿತು.

“ಅಜ್ಜಿ, ಎಡಗಾಲ್ದು ಒಲಿಗೆ ಬಿಟ್ಟದೆ, ನೋಡು.”

ಅಕ್ಕನಿಗೆ ಆ ಹೊಲಿಗೆ ಕಾಣಲಿಲ್ಲ. ಕಣ್ಣು ತುಂಬಿತ್ತು.

ಡಬ್ಬಿ ಮುಚ್ಚಿಸಿದ್ದರಲ್ಲಿ ನನ್ನ ಪಾಲನ್ನು ಒಪ್ಪಿಕೊಂಡಿದ್ದೇನೆ. ಇನ್ನು ‘ಊಟದ ನಂತರ’ ಎಂದಷ್ಟೇ ಗೀಚಿ ಕಳಿಸಿದ ಮಹನೀಯರೇ, ಅಕ್ಷರ ಬಾರದ ಒಬ್ಬ ಮುದುಕಿಯ ಕಿವಿ ಇರದಿದ್ದರೆ, ಈ ಮಗುವಿನ ಕಣ್ಣಿಗೆ ಆಮೇಲೆ ಏನೆಂದು ಬರೆದುಕೊಡುತ್ತಿದ್ದಿರಿ?